ವ್ಯಾಯಾಮದ ರೂಢಿ, ಮನಸ್ಸಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ನಡಿಗೆಯ ಒಡನಾಡಿಗಳು, ವ್ಯಾಯಾಮ ಹಿಡಿದು ನಡುವೆ ಬಿಟ್ಟವರು, ಮನೋವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಅವರ ಮನೆಯವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು ಇಲ್ಲಿವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಭಾಗ ಹೊಸಬರಿಗೆ. ಕೊನೆಯ ಭಾಗದ ಉತ್ತರಗಳು ಸ್ವಲ್ಪ ಕಾಲದಿಂದ ವ್ಯಾಯಾಮ ಮಾಡುತ್ತಿರುವವರಿಗೆ ಹೆಚ್ಚು ಉಪಯೋಗಕ್ಕೆ ಬಂದಾವು. ಯಾವ ಉತ್ತರವೂ ನಿಮ್ಮನ್ನು ಕಣ್ಣಾರೆ ನೋಡುತ್ತಿರುವ ವೈದ್ಯರ ಮಾತಿಗೆ ಬದಲಿಯಲ್ಲ.

## ಶುರು ಮಾಡುವವರಿಗೆ

ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆಯನ್ನು, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆಯನ್ನು ಮಾಡಬೇಕು. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು. 65 ದಾಟಿದವರು ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಮಧ್ಯಮ ಮಟ್ಟವನ್ನು ಗುರುತಿಸಲು ಯಾವ ಯಂತ್ರವೂ ಬೇಡ. ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಮಧ್ಯಮ.

ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನು ಆ ಮಾರ್ಗಸೂಚಿ ಕೈಬಿಟ್ಟಿದೆ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಬಸ್ ನಿಲ್ದಾಣದವರೆಗಿನ ಐದು ನಿಮಿಷದ ಬಿರುಸು ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. 150 ಎಂಬುದು ತಲುಪಬೇಕಾದ ಅಂಕಿಯೇ ಹೊರತು ಪ್ರವೇಶ ಶುಲ್ಕವಲ್ಲ. ಏನೂ ಮಾಡದೆ ಕುಳಿತಿದ್ದವರು ವಾರಕ್ಕೆ ಅರವತ್ತು ನಿಮಿಷ ನಡೆದರೂ ಅದರ ಫಲ ಅವರಿಗೆ ಸಿಕ್ಕೇ ಸಿಗುತ್ತದೆ.

ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ?

ಆಗಲೇಬೇಕೆಂದಿಲ್ಲ. ಈ ಅಂಕಿ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಈ ಸಂಖ್ಯೆಯನ್ನೇ ಹೆಸರಾಗಿಟ್ಟು ಮಾರಿತು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನಿಂದ ಮುಂದೆ ಹೆಚ್ಚಿನ ಲಾಭ ಕಾಣಲಿಲ್ಲ. ಈಗ ನೀವು ನಡೆಯುತ್ತಿರುವುದಕ್ಕಿಂತ ಸಾವಿರ ಹೆಜ್ಜೆ ಹೆಚ್ಚು ನಡೆಯಿರಿ, ಅಷ್ಟೇ.

ಮನೆಕೆಲಸ ಮಾಡಿ ಮಾಡಿ ಸುಸ್ತಾಗಿರುತ್ತದೆ. ಅದೇ ವ್ಯಾಯಾಮ ಅಲ್ಲವಾ?

ದೇಹದ ಲೆಕ್ಕದಲ್ಲಿ ಅದೂ ಚಟುವಟಿಕೆಯೇ. ನೀರು ಹೊರುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು ಇವನ್ನೆಲ್ಲ ಆರೋಗ್ಯ ಸಂಸ್ಥೆಗಳೂ ಎಣಿಸುತ್ತವೆ. ಆದರೂ ಎರಡು ಕೊರತೆ ಉಳಿಯುತ್ತದೆ. ಮನೆಕೆಲಸದಲ್ಲಿ ಬಗ್ಗುವುದು, ಕೈ ಮುಂದೆ ಚಾಚುವುದು ಮುಂತಾದ ಕೆಲವೇ ಚಲನೆಗಳು ಮತ್ತೆ ಮತ್ತೆ ಬರುವುದರಿಂದ ಸೊಂಟ, ಭುಜಗಳು ದಣಿಯುತ್ತವೆಯೇ ಹೊರತು ಬೆನ್ನಿಗೂ ತೊಡೆಗೂ ಬೇಕಾದ ಬಲ ಬೆಳೆಯುವುದಿಲ್ಲ. ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು. ಮಾಡದಿದ್ದರೆ ಯಾರೋ ಕೇಳುತ್ತಾರೆ ಎಂಬ ಒತ್ತಡದಲ್ಲಿ ಮಾಡುವ ದುಡಿಮೆಯೂ ತನಗಾಗಿ ತಾನೇ ಆರಿಸಿಕೊಂಡ ಇಪ್ಪತ್ತು ನಿಮಿಷವೂ ಮನಸ್ಸಿನ ಮೇಲೆ ಒಂದೇ ಪರಿಣಾಮ ಬೀರುವುದಿಲ್ಲ. ಹಾಗಾಗಿ ಮನೆಯಾಕೆಗೆ ‘ಇನ್ನೂ ವ್ಯಾಯಾಮ ಮಾಡು’ ಎಂದು ಉಪದೇಶಿಸುವ ಮೊದಲು, ಆ ಇಪ್ಪತ್ತು ನಿಮಿಷ ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ಮನೆಯವರು ತೀರ್ಮಾನಿಸಬೇಕು.

ಜಿಮ್‌ಗೆ ಹೋದರೆ ಹೃದಯಾಘಾತ ಆಗುತ್ತೆ ಅಂತಾರೆ. ಭಯ ಆಗ್ತಿದೆ.

ಈ ಭಯಕ್ಕೆ ಕಾರಣ ಎಲ್ಲರಿಗೂ ಗೊತ್ತಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕರ್ನಾಟಕದಲ್ಲಿ ಎಷ್ಟೋ ಜನ ಜಿಮ್‌ನ ಕಡೆ ಅನುಮಾನದಿಂದ ನೋಡತೊಡಗಿದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು.

ವೈದ್ಯಶಾಸ್ತ್ರ ಹೇಳುವುದು ಇಷ್ಟು. ರೂಢಿಯಿಲ್ಲದವರು ಏಕಾಏಕಿ ಅತಿ ಶ್ರಮಕ್ಕಿಳಿದರೆ ಆ ಹೊತ್ತಿನಲ್ಲಿ ಅಪಾಯ ತುಸು ಏರುತ್ತದೆ. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಒಟ್ಟಾರೆ ಹೃದ್ರೋಗದ ಅಪಾಯ ಇಳಿಯುತ್ತದೆ. ಆದ್ದರಿಂದ ಭಯಪಡಬೇಕಾದದ್ದು ವ್ಯಾಯಾಮಕ್ಕಲ್ಲ, ಆತುರಕ್ಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗ ಇವುಗಳಲ್ಲಿ ಯಾವುದಾದರೂ ಇದ್ದರೆ ಬಿರುಸಿನ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಿರಿ. ವ್ಯಾಯಾಮದ ನಡುವೆ ಎದೆಯಲ್ಲಿ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ಕಣ್ಣು ಕತ್ತಲೆ, ತಣ್ಣನೆಯ ಬೆವರು ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಳ್ಳದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಆ ಒಂದು ಮಾತು ನಮ್ಮಲ್ಲಿ ಬಹಳ ಜನರ ಅಮೂಲ್ಯ ಸಮಯವನ್ನು ತಿಂದಿದೆ.

## ರೂಢಿ ಮಾಡಿಕೊಳ್ಳುವಾಗ

21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದಂತೆ, ನಿಜವಾ?

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ತಮ್ಮ ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು 1960ರಲ್ಲಿ ಬರೆದರು. ಆ ‘ಕನಿಷ್ಠ’ ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿಯೇ ಆಗುವಷ್ಟು ರೂಢಿಯಾಗಲು ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ನಡುವಣ ಅಂಕಿ 66. ನೀರು ಕುಡಿಯುವಂಥ ಸುಲಭದ ಕೆಲಸಗಳು ಬೇಗ ಕೂತವು, ವ್ಯಾಯಾಮ ತಡವಾಗಿ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ ಎಂಬುದು ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು. ಇಪ್ಪತ್ತೆರಡನೇ ದಿನವೂ ಸೋಮಾರಿತನ ಬಂದರೆ ಅದು ನಿಮ್ಮ ದೋಷವಲ್ಲ, ಲೆಕ್ಕದ ದೋಷ.

ಹದಿನೈದು ದಿನ ಚೆನ್ನಾಗಿ ಮಾಡ್ತೀನಿ, ಆಮೇಲೆ ಬಿಟ್ಟೇ ಹೋಗುತ್ತೆ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಕೇಳುವವರು ತಮ್ಮ ಮನೋಬಲವನ್ನು ದೂರುತ್ತಾರೆ. ಆದರೆ ಅವರು ಹಾಕಿಕೊಂಡ ಯೋಜನೆಯನ್ನು ಕೇಳಿ ನೋಡಿದರೆ ಬಹುತೇಕ ಅದು ಯುಗಾದಿಯ ಮರುದಿನವೋ ಜನವರಿ ಒಂದರಂದೋ, ಹುರುಪು ತುಂಬಿ ತುಳುಕುತ್ತಿದ್ದ ಗಳಿಗೆಯಲ್ಲಿ ಬರೆದದ್ದಾಗಿರುತ್ತದೆ. ಬೆಳಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ಜಿಮ್, ರಾತ್ರಿ ಬರೀ ಸಲಾಡ್. ನಿದ್ದೆ ಸರಿಯಾಗಿ ಆದ, ಮೇಲಧಿಕಾರಿ ಬೈಯದ, ಮಗುವಿಗೆ ಜ್ವರ ಬಾರದ ದಿನಕ್ಕೆ ಮಾತ್ರ ಆ ಯೋಜನೆ ಹೊಂದುತ್ತದೆ. ಮಲೆನಾಡಿನವರು ಮನೆಯ ಮಾಡನ್ನು ಬೇಸಿಗೆ ನೋಡಿ ಕಟ್ಟುವುದಿಲ್ಲ, ಆಷಾಢದ ಮಳೆ ನೋಡಿ ಕಟ್ಟುತ್ತಾರೆ. ವ್ಯಾಯಾಮದ ಯೋಜನೆಯನ್ನೂ ನಿಮ್ಮ ಅತ್ಯಂತ ಕೆಟ್ಟ ದಿನ ನೋಡಿಯೇ ಹಾಕಬೇಕು.

ಹಾಗೆಂದರೆ ಎರಡು ಅಳತೆ ಇಟ್ಟುಕೊಳ್ಳಿ. ಒಂದು, ಮೈಮನಸ್ಸು ಸರಿಯಿರುವ ದಿನದ ಪೂರ್ತಿ ವ್ಯಾಯಾಮ. ಇನ್ನೊಂದು, ತಲೆನೋವಿದ್ದರೂ, ಮನಸ್ಸು ಕುಗ್ಗಿದ್ದರೂ, ನೆಂಟರು ಬಂದಿದ್ದರೂ ಆಗಿಯೇ ತೀರುವ ಕನಿಷ್ಠ. ಕನಿಷ್ಠ ಎಂದರೆ ನಾಚಿಕೆಯಾಗುವಷ್ಟು ಸಣ್ಣದು: ಚಪ್ಪಲಿ ಮೆಟ್ಟಿ ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುವುದು, ಅಥವಾ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಆ ದಿನ ಅಷ್ಟು ಮಾಡಿದವರು ವ್ಯಾಯಾಮ ತಪ್ಪಿಸಿದವರಲ್ಲ, ಮಾಡಿದವರು. ಕ್ಯಾಲೆಂಡರಿನಲ್ಲಿ ಅದೇ ಗುರುತು ಹಾಕಿ.

ಜೊತೆಗೆ, ‘ನಾಳೆಯಿಂದ ನಡೆಯುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಷೂ ಹಾಕಿಕೊಳ್ಳುತ್ತೇನೆ’ ಎಂಬ ಕಟ್ಟು ಗಟ್ಟಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಪಾಲಿಸುತ್ತಾರೆ ಎಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1990ರ ದಶಕದಲ್ಲೇ ತೋರಿಸಿದರು. ದಿನವೂ ಆಗುವ ಕೆಲಸವನ್ನು ಗೂಟ ಮಾಡಿಕೊಂಡರೆ ಗಡಿಯಾರದ ಹಂಗಿಲ್ಲ; ಕಾಫಿ ತಡವಾದ ಭಾನುವಾರ ನಡಿಗೆಯೂ ತಡವಾಗುತ್ತದೆ, ತಪ್ಪುವುದಿಲ್ಲ.

ಬೆಳಗ್ಗೆಯೇ ಮಾಡಬೇಕಾ? ನನಗೆ ರಾತ್ರಿ ಪಾಳಿ.

ನಿಮಗೆ ಯಾವ ಹೊತ್ತು ಉಳಿಯುತ್ತದೋ ಅದೇ ಒಳ್ಳೆಯ ಹೊತ್ತು. ಬ್ರಾಹ್ಮೀ ಮುಹೂರ್ತದಲ್ಲಿ ಮಾಡದ ವ್ಯಾಯಾಮ ವ್ಯರ್ಥ ಎಂಬ ಮಾತಿಗೆ ಆಧಾರವಿಲ್ಲ. ರಾತ್ರಿ ಪಾಳಿಯವರು ಪಾಳಿಗೆ ಹೊರಡುವ ಮುಂಚೆ ಮಾಡುವುದು ವಾಸಿ. ಬೆಳಗ್ಗೆ ಕ್ಯಾಬ್ ಇಳಿದು ನೇರ ಜಿಮ್‌ಗೆ ಹೋದರೆ ದೇಹ ಎಚ್ಚರಗೊಂಡು, ಮೊದಲೇ ತುಂಡಾಗಿರುವ ನಿದ್ದೆ ಇನ್ನೂ ಹಿಂದಕ್ಕೆ ಹೋಗುತ್ತದೆ. ನಿದ್ದೆ ಮತ್ತು ವ್ಯಾಯಾಮಗಳಲ್ಲಿ ಒಂದನ್ನೇ ಆರಿಸಬೇಕಾಗಿ ಬಂದ ದಿನ ನಿದ್ದೆಯನ್ನೇ ಆರಿಸಿ.

ಮನೆಯಲ್ಲೇ, ಏನೂ ಸಾಮಾನಿಲ್ಲದೆ ಮೈಗೆ ಬಲ ಬರಿಸೋದು ಹೇಗೆ?

ನಮ್ಮ ಗರಡಿಮನೆಗಳಲ್ಲಿ ಸಾಮು ಮಾಡುತ್ತಿದ್ದವರಿಗೆ ದಂಡ ಮತ್ತು ಬಸ್ಕಿಗಳೇ ಮುಖ್ಯ ಬಂಡವಾಳವಾಗಿದ್ದವು, ಅವಕ್ಕೆ ಮೂರಡಿ ಜಾಗ ಸಾಕು. ಬಸ್ಕಿಯ ಹೆಸರು ಕೇಳಿದರೆ ಶಾಲೆಯಲ್ಲಿ ಕಿವಿ ಹಿಡಿದು ಹೊಡೆದ ನೆನಪು ಬರುವವರು ಬಹಳ ಜನ. ವ್ಯಾಯಾಮವನ್ನು ಶಿಕ್ಷೆಯಾಗಿ ಕೊಟ್ಟ ಶಾಲೆಗಳು ಎಷ್ಟು ತಲೆಮಾರುಗಳಿಗೆ ಅದರ ಮೇಲೆ ಅಸಹ್ಯ ಹುಟ್ಟಿಸಿದವೋ ತಿಳಿಯದು. ಅಂಥವರು ಕುರ್ಚಿಯಿಂದ ಶುರು ಮಾಡಲಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಅದರ ಅಂಚಿಗೆ ಕುಳಿತು, ಪಾದಗಳನ್ನು ಭುಜದಷ್ಟು ಅಗಲಕ್ಕೆ ಊರಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಎದ್ದು ನಿಲ್ಲಬೇಕು. ಕೂರುವಾಗ ದೊಪ್ಪನೆ ಬೀಳದೆ ಒಂದರಿಂದ ಮೂರು ಎಣಿಸುತ್ತ ಇಳಿಯಬೇಕು. ಬಲ ಬರುವುದು ಆ ಇಳಿಯುವ ಮೂರು ಎಣಿಕೆಯಲ್ಲಿ. ಗೋಡೆಗೆ ಕೈಯೂರಿ ದಂಡ, ಕೈಚೀಲದಲ್ಲಿ ಐದು ಕಿಲೋ ಅಕ್ಕಿ ಹಾಕಿ ಎತ್ತುವುದು ಇವನ್ನು ಸೇರಿಸಿಕೊಂಡರೆ ವಾರಕ್ಕೆ ಎರಡು ದಿನದ ಪಾಠ ಮುಗಿಯಿತು. ಹನ್ನೆರಡು ಸಲ ಸುಲಭವಾಗಿ ಆಗತೊಡಗಿದರೆ ಭಾರವನ್ನೋ ನಿಧಾನವನ್ನೋ ಹೆಚ್ಚಿಸಿ.

ನಮ್ಮ ಕಡೆ ನಾಲ್ಕು ತಿಂಗಳು ಮಳೆ. ಕಲಬುರಗಿ ಕಡೆಯವರಿಗೆ ಬಿಸಿಲು. ಹೊರಗೆ ಹೋಗೋದು ಹೇಗೆ?

ಕೊಡಗು, ಆಗುಂಬೆಯ ಕಡೆ ಮಳೆಗಾಲಕ್ಕೆಂದೇ ಬೇರೆ ಪಟ್ಟಿ ಇರಲಿ: ಜಗಲಿಯಲ್ಲಿ ನಡಿಗೆ, ಮೆಟ್ಟಿಲು, ಸೂರ್ಯ ನಮಸ್ಕಾರ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವಾಗ ಬೆಳಗಿನ ಏಳರ ಒಳಗೆ ಮುಗಿಸಬೇಕು, ಇಲ್ಲವಾದರೆ ಮನೆಯೊಳಗೇ ಮಾಡಬೇಕು. ಋತು ಬದಲಾದಾಗ ಪಟ್ಟಿ ಬದಲಾಗುವುದನ್ನು ಸೋಲೆಂದು ಎಣಿಸಬೇಡಿ.

ವಾಕಿಂಗ್ ಹೋದರೆ ಜನ ನೋಡ್ತಾರೆ, ಆಡಿಕೊಳ್ತಾರೆ. ನಮ್ಮದು ಸಣ್ಣ ಊರು.

ಇದನ್ನು ಬರೆಯುವವರಲ್ಲಿ ಹೆಚ್ಚಿನವರು ಮಹಿಳೆಯರು, ಮತ್ತು ಇದು ಅವರ ಕಲ್ಪನೆಯಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬೆಂಗಳೂರಿನ ಲಾಲ್‌ಬಾಗಿನಲ್ಲೋ ನೂರಾರು ಜನರ ನಡುವೆ ಒಬ್ಬರಾಗಿ ನಡೆಯುವುದು ಸುಲಭ. ಹೋಬಳಿ ಊರಿನಲ್ಲಿ ಸೀರೆಗೆ ಷೂ ಹಾಕಿಕೊಂಡು ಹೊರಟವರನ್ನು ‘ಏನಕ್ಕಾ, ಸಕ್ಕರೆ ಬಂತಾ?’ ಎಂದು ಕೇಳದೆ ಬಿಡುವವರಿಲ್ಲ. ಇಬ್ಬರು ಮೂವರು ಜೊತೆಯಾಗಿ ಹೊರಡುವುದು, ಶಾಲೆಯ ಮೈದಾನದಂಥ ಬಯಲು ಜಾಗ ಹಿಡಿಯುವುದು, ಹಾಲಿನ ಡೇರಿಗೋ ದೇವಸ್ಥಾನಕ್ಕೋ ಹೋಗುವ ದಾರಿಯನ್ನು ಉದ್ದ ಮಾಡಿಕೊಳ್ಳುವುದು ಇವು ಕೆಲಸ ಮಾಡಿರುವ ಉಪಾಯಗಳು. ‘ಸಕ್ಕರೆ ಬರದಿರಲಿ ಅಂತಲೇ’ ಎಂಬ ಉತ್ತರವೂ ಕೆಲಸ ಮಾಡುತ್ತದೆ. ಹಿಂಬಾಲಿಸುವುದು, ಕೀಟಲೆ ಮಾಡುವುದು ನಡೆದರೆ ಅದು ಸಂಕೋಚದ ವಿಷಯವಲ್ಲ, ಪೊಲೀಸರಿಗೆ ತಿಳಿಸಬೇಕಾದ ವಿಷಯ. 112ಕ್ಕೆ ಕರೆ ಮಾಡಬಹುದು.

## ಮನಸ್ಸು ಕೈಕೊಟ್ಟಾಗ

ವ್ಯಾಯಾಮ ಮಾಡಿದರೆ ಖಿನ್ನತೆ ಹೋಗುತ್ತದಾ? ಮಾತ್ರೆ ಬಿಟ್ಟುಬಿಡಬಹುದಾ?

ಮೊದಲ ಪ್ರಶ್ನೆಗೆ ಉತ್ತರ ‘ಸಾಕಷ್ಟು ಸಹಾಯ ಮಾಡುತ್ತದೆ’. ಎರಡನೆಯದಕ್ಕೆ ‘ನೀವಾಗಿಯೇ ಬಿಡಬೇಡಿ’. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು ಖಿನ್ನತೆಯಿದ್ದ, ಐವತ್ತು ದಾಟಿದ 156 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಸರ್ಟ್ರಾಲಿನ್ ಮಾತ್ರೆ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನದ ವ್ಯಾಯಾಮ, ಮತ್ತೊಂದಕ್ಕೆ ಎರಡನ್ನೂ ಕೊಟ್ಟು 16 ವಾರ ಗಮನಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೊನೆಗೆ ಮೂರೂ ಗುಂಪುಗಳಲ್ಲಿ ಸುಧಾರಣೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಮಾತ್ರೆಯ ಗುಂಪಿನಲ್ಲಿ ಅದು ಬೇಗ ಕಂಡಿತ್ತು. 2024ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ, 218 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ ನಡಿಗೆ ಅಥವಾ ಜಾಗಿಂಗ್, ಯೋಗ, ಬಲವರ್ಧನೆಯ ವ್ಯಾಯಾಮಗಳು ಖಿನ್ನತೆಯನ್ನು ಇಳಿಸುವುದರಲ್ಲಿ ಮುಂದಿದ್ದವು.

ಇಷ್ಟು ಓದಿದವರು ‘ಹಾಗಾದರೆ ಮಾತ್ರೆ ಯಾಕೆ?’ ಎಂದು ಕೇಳುತ್ತಾರೆ. ಆ ಪ್ರಯೋಗಗಳಲ್ಲಿ ವ್ಯಾಯಾಮ ಮಾಡಿಸಲು ಜನರಿದ್ದರು, ಹಾಜರಿ ನೋಡುವವರಿದ್ದರು. ತೀವ್ರ ಖಿನ್ನತೆಯಲ್ಲಿ ಮನೆಯಲ್ಲಿ ಒಬ್ಬರೇ ಮಲಗಿರುವವರಿಗೆ ಆ ಆಸರೆ ಇರುವುದಿಲ್ಲ. ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಕಳವಳಗಳ ಜೊತೆಗೆ ಕಾಯಿಲೆ ಮರಳುವ ಅಪಾಯವೂ ಇದೆ. ಎಷ್ಟೋ ಜನರಿಗೆ ಮೊದಲ ಹೆಜ್ಜೆ ಇಡಲು ಬೇಕಾದ ತ್ರಾಣವನ್ನು ಕೊಡುವುದೇ ಮಾತ್ರೆ. ಕಡಿಮೆ ಮಾಡಬೇಕೆನಿಸಿದರೆ ವೈದ್ಯರಿಗೆ ಹೇಳಿ, ಅವರ ಲೆಕ್ಕದಂತೆ ಹಂತಹಂತವಾಗಿ ಇಳಿಸಿ.

ಹಾಸಿಗೆಯಿಂದ ಏಳೋಕೇ ಮನಸ್ಸಿಲ್ಲ. ವ್ಯಾಯಾಮ ಎಲ್ಲಿಂದ ಮಾಡಲಿ?

ಮನಸ್ಸು ಬಂದ ಮೇಲೆ ಏಳುತ್ತೇನೆ ಎಂದು ಕಾಯುವುದೇ ಖಿನ್ನತೆ ಒಡ್ಡುವ ಬಲೆ, ಏಕೆಂದರೆ ಆಸಕ್ತಿಯನ್ನು ಕಿತ್ತುಕೊಳ್ಳುವುದೇ ಆ ಕಾಯಿಲೆಯ ಲಕ್ಷಣ. ಮನೋಚಿಕಿತ್ಸಕರು ಬಳಸುವ ಒಂದು ಕ್ರಮದಲ್ಲಿ ಈ ಸರದಿಯನ್ನು ತಿರುಗಿಸುತ್ತಾರೆ: ಮೊದಲು ಸಣ್ಣ ಕೆಲಸ, ಅದರ ಹಿಂದೆ ಮನಸ್ಸು. ಮೊದಲ ದಿನ ಎದ್ದು ಕಿಟಕಿ ತೆರೆದು ಬಿಸಿಲಿನಲ್ಲಿ ಎರಡು ನಿಮಿಷ ನಿಂತರೆ ಸಾಕು. ಮರುದಿನ ಮುಖ ತೊಳೆದು ಗೇಟಿನವರೆಗೆ. ಆಮೇಲೆ ಗೇಟು ದಾಟಿ ಹತ್ತು ಹೆಜ್ಜೆ. ಮಾಡಿದ ಕೂಡಲೇ ಸಂತೋಷವಾಗಬೇಕೆಂದು ನಿರೀಕ್ಷಿಸಬೇಡಿ; ಮೊದಲ ಕೆಲವು ದಿನ ಏನೂ ಅನ್ನಿಸುವುದಿಲ್ಲ, ಕೆಲವೊಮ್ಮೆ ಆಯಾಸವೇ ಹೆಚ್ಚುತ್ತದೆ. ಗೇಟಿನವರೆಗೂ ಹೋಗಲಾಗದ ಸ್ಥಿತಿ ಎರಡು ವಾರ ಮೀರಿದರೆ ಅದು ವ್ಯಾಯಾಮದ ಪ್ರಶ್ನೆಯಲ್ಲ, ಚಿಕಿತ್ಸೆಯ ಪ್ರಶ್ನೆ.

ಸ್ವಲ್ಪ ಓಡಿದರೂ ಎದೆ ಡವಡವ ಅಂದು ಪ್ಯಾನಿಕ್ ಬಂತೇನೋ ಅನ್ನಿಸುತ್ತೆ.

ವ್ಯಾಯಾಮದಲ್ಲೂ ಪ್ಯಾನಿಕ್‌ನಲ್ಲೂ, ಅಂದರೆ ಏಕಾಏಕಿ ಎರಗುವ ತೀವ್ರ ಭಯದಲ್ಲೂ, ದೇಹ ಮಾಡುವುದು ಹೆಚ್ಚುಕಡಿಮೆ ಒಂದೇ: ಹೃದಯದ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಬೆವರು ಒಡೆಯುತ್ತದೆ. ಒಮ್ಮೆ ಪ್ಯಾನಿಕ್ ಅನುಭವಿಸಿದವರ ಮನಸ್ಸು ಆ ಗುರುತುಗಳನ್ನೆಲ್ಲ ಅಪಾಯದ ಪಟ್ಟಿಗೆ ಸೇರಿಸಿಕೊಂಡಿರುತ್ತದೆ. ವೈದ್ಯರು ಹೃದಯವನ್ನು ಪರೀಕ್ಷಿಸಿ ತೊಂದರೆಯಿಲ್ಲವೆಂದ ಮೇಲೆ, ಬಡಿತವನ್ನು ಬೇಕೆಂದೇ ಸ್ವಲ್ಪ ಏರಿಸಿ, ಅದು ತಾನಾಗಿಯೇ ಇಳಿಯುವುದನ್ನು ಗಮನಿಸುವುದು ಒಳ್ಳೆಯ ಅಭ್ಯಾಸ. ಒಂದು ಮಹಡಿ ಮೆಟ್ಟಿಲು ಹತ್ತಿ ನಿಂತು, ಬಡಿತ ಸಹಜಕ್ಕೆ ಬರುವವರೆಗೆ ಅಲ್ಲೇ ಇರಿ. ಭಯವಾಯಿತೆಂದು ಕೆಳಗೆ ಓಡಿಬರಬೇಡಿ. ಮನೋವೈದ್ಯರೂ ಆಪ್ತಸಮಾಲೋಚಕರೂ ಇದನ್ನೇ ವ್ಯವಸ್ಥಿತವಾಗಿ ಮಾಡಿಸುತ್ತಾರೆ.

ಮನಸ್ಸಿಗೆ ಯೋಗ ಒಳ್ಳೆಯದಾ, ನಡಿಗೆ ಒಳ್ಳೆಯದಾ?

ನಿಮಗೆ ಯಾವುದು ಬೇಸರ ತರುವುದಿಲ್ಲವೋ ಅದು. ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ನಾಡಿನಲ್ಲಿ ಯೋಗದ ಪರ ವಾದಿಸಬೇಕಾದ ಅಗತ್ಯವಿಲ್ಲ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆಗಳಿಗೆ ಪೂರಕ ಚಿಕಿತ್ಸೆಯಾಗಿ ಯೋಗವನ್ನು ಕಲಿಸುತ್ತಾರೆ, ಅದರ ಕುರಿತು ಸಂಶೋಧನೆಯನ್ನೂ ನಡೆಸಿದ್ದಾರೆ. ಒಂದು ಎಚ್ಚರಿಕೆ: ಕಣ್ಣು ಮುಚ್ಚಿ ಕುಳಿತರೆ ಹಳೆಯ ಆಘಾತದ ನೆನಪುಗಳು ನುಗ್ಗಿಬರುತ್ತವೆ ಎನ್ನುವವರು ಕಣ್ಣು ತೆರೆದೇ ಆಸನ ಮಾಡಲಿ, ಇಲ್ಲವೇ ನಡೆಯಲಿ, ‘ಧ್ಯಾನ ಮಾಡಿದರೆ ಸರಿಹೋಗುತ್ತೆ’ ಎಂದು ಅವರನ್ನು ಒತ್ತಾಯಿಸುವುದು ಸಲ್ಲದು.

ಮಾನಸಿಕ ಕಾಯಿಲೆಗೆ ಮಾತ್ರೆ ತಗೋತಿದ್ದೀನಿ. ವ್ಯಾಯಾಮದಲ್ಲಿ ಏನಾದರೂ ಜಾಗ್ರತೆ ಬೇಕಾ?

ಬೇಕು. ಮನಸ್ಸಿನ ಅತಿಯಾದ ಏರಿಳಿತವನ್ನು ಹಿಡಿದಿಡಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಬೆವರಿ ನೀರು, ಉಪ್ಪಿನಂಶ ಕಳೆದುಕೊಂಡರೆ ರಕ್ತದಲ್ಲಿ ಔಷಧಿಯ ಮಟ್ಟ ಅಪಾಯಕರವಾಗಿ ಏರಬಹುದು. ಬೇಸಿಗೆಯಲ್ಲಿ ಓಟ ಶುರು ಮಾಡುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಪ್ರೊಪ್ರನೊಲಾಲ್‌ನಂಥ ಮಾತ್ರೆ ಹೃದಯದ ಬಡಿತವನ್ನು ತಗ್ಗಿಸುವುದರಿಂದ ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬದೆ, ಮಾತನಾಡಲು ಆಗುತ್ತದೆಯೇ ಎಂಬ ಅಳತೆಯನ್ನೇ ಇಟ್ಟುಕೊಳ್ಳಿ. ಕೆಲವು ಔಷಧಿಗಳಿಂದ ಹಸಿವೂ ತೂಕವೂ ಏರುತ್ತವೆ. ಅದನ್ನು ನಿಮ್ಮ ಬಾಯಿಚಪಲವೆಂದು ತಿಳಿದು ನಾಚಿಕೊಳ್ಳುವ ಬದಲು ವೈದ್ಯರ ಮುಂದೆ ಎತ್ತಿ; ಬದಲಿ ಔಷಧಿ ಇರುವುದುಂಟು.

ನಮ್ಮ ಮಗನಿಗೆ ಖಿನ್ನತೆ. ‘ವಾಕಿಂಗ್ ಹೋಗಪ್ಪ’ ಅಂದರೆ ಸಿಟ್ಟು ಮಾಡ್ತಾನೆ.

‘ಹೋಗು’ ಎಂಬುದಕ್ಕೂ ‘ಬಾ, ತರಕಾರಿ ತರೋಣ’ ಎಂಬುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ‘ನಿನ್ನ ಕಾಯಿಲೆ ನಿನ್ನ ಸೋಮಾರಿತನದಿಂದ’ ಎಂಬ ದೂರು ಅವನಿಗೆ ಕೇಳಿಸುತ್ತದೆ. ಜೊತೆಗೆ ನಡೆಯಿರಿ, ಆದರೆ ದಾರಿಯಲ್ಲಿ ಬುದ್ಧಿ ಹೇಳಬೇಡಿ. ಕೆಲಸದ ವಿಷಯ, ಮದುವೆಯ ವಿಷಯ, ಪಕ್ಕದ ಮನೆಯ ಹುಡುಗನ ಸಂಬಳದ ವಿಷಯ ಯಾವುದೂ ಬೇಡ. ಮಾತಿಲ್ಲದೆ ನಡೆದರೂ ನಡಿಗೆಯೇ. ಇವತ್ತು ಬರುವುದಿಲ್ಲವೆಂದರೆ ‘ಆಯ್ತು, ನಾಳೆ ಕೇಳ್ತೀನಿ’ ಎಂದು ಬಿಟ್ಟು, ನಾಳೆ ನಿಜವಾಗಿಯೂ ಕೇಳಿ.

## ಸ್ವಲ್ಪ ಕಾಲದಿಂದ ಮಾಡುತ್ತಿರುವವರಿಗೆ

ಆರು ತಿಂಗಳಾಯ್ತು, ತೂಕ ಇಳಿದೇ ಇಲ್ಲ. ಮಾಡಿ ಏನು ಪ್ರಯೋಜನ?

ವ್ಯಾಯಾಮವೊಂದರಿಂದಲೇ ತೂಕ ಹೆಚ್ಚು ಇಳಿಯುವುದಿಲ್ಲ. ಅದಕ್ಕೆ ಊಟದ ಬದಲಾವಣೆ ಬೇಕು. ಆದರೆ ತೂಕ ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸಿನ ಉಲ್ಲಾಸ ಇವು ಸುಧಾರಿಸುತ್ತವೆ. ತಕ್ಕಡಿಯನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿಕೊಳ್ಳಿ: ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ ನಂದಿಯವರೆಗೆ ಮೊದಲು ಎಷ್ಟು ಸಲ ಕೂರುತ್ತಿದ್ದಿರಿ, ಈಗ ಎಷ್ಟು ಸಲ? ಊಟದಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಕಡಿಮೆ ಬೀಳುವುದು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋದವರಿಗೆ ಸುಮಾರು 50 ಗ್ರಾಂ ಬೇಕು. ತಿಳಿಸಾರಿನಿಂದ ಅದು ಬರುವುದಿಲ್ಲ. ಗಟ್ಟಿ ತೊವ್ವೆ, ಕಾಳಿನ ಹುಳಿ, ಉಸಲಿ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇದ್ದರೆ ಡಬ್ಬದ ಪುಡಿ ಹೆಚ್ಚಿನವರಿಗೆ ಅನಗತ್ಯ.

ಒಂದು ದಿನ ತಪ್ಪಿದರೂ ಪಾಪ ಮಾಡಿದ ಹಾಗೆ ಅನ್ನಿಸುತ್ತೆ. ಇದು ಶಿಸ್ತಲ್ಲವಾ?

ಶಿಸ್ತು ಮತ್ತು ಗೀಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಜ್ವರವಿದ್ದರೂ ಓಡುವುದು, ಹೋಳಿಗೆ ತಿಂದದ್ದಕ್ಕೆ ದಂಡವಾಗಿ ಎರಡು ಗಂಟೆ ಬೆವರುವುದು, ವ್ಯಾಯಾಮ ತಪ್ಪುತ್ತದೆಂದು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಡುವುದು, ಗಾಯವನ್ನು ಮುಚ್ಚಿಡುವುದು ಇವು ಗೀಳಿನ ಗುರುತುಗಳು. ಕಡಿಮೆ ತಿಂದು ಹೆಚ್ಚು ದಣಿಯುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು, ಮೂಳೆ ಬಲಹೀನವಾಗುವುದು ಕಂಡುಬರುತ್ತದೆ. ಹುಡುಗರಲ್ಲೂ ಇದರ ಬೇರೆ ರೂಪಗಳಿವೆ. ಪರೀಕ್ಷೆ ಸರಳ: ವಾರದಲ್ಲಿ ಒಂದು ದಿನ ಬೇಕೆಂದೇ ರಜೆ ಹಾಕಿ ನೋಡಿ. ತುಸು ಇರುಸುಮುರುಸಾದರೆ ಅದು ಸಹಜ. ಇಡೀ ದಿನ ಕಳವಳದಲ್ಲಿ ಕಳೆದರೆ ಮನೋವೈದ್ಯರೊಡನೆ ಮಾತನಾಡುವುದು ಒಳಿತು. ಸರಪಳಿ ಕಡಿಯಬಾರದೆಂದು ಹೆದರಿಸುವ ಮೊಬೈಲ್ ಆ್ಯಪ್‌ಗಳನ್ನೂ ಇಂಥವರು ತೆಗೆದುಹಾಕುವುದೇ ಮೇಲು.

ಡೆಂಗ್ಯೂ ಬಂದು, ಆಮೇಲೆ ಅಪ್ಪ ತೀರಿಕೊಂಡು ನಾಲ್ಕು ತಿಂಗಳು ಬಿಟ್ಟೇಹೋಯ್ತು. ಮತ್ತೆ ಮೊದಲಿಂದಲೇನಾ?

ಮೊದಲಿನಿಂದಲ್ಲ. ಉಸಿರಿನ ಕಸುವು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ನಿಜ. ಸ್ನಾಯುಬಲ ಅದಕ್ಕಿಂತ ನಿಧಾನವಾಗಿ ಕುಗ್ಗುತ್ತದೆ, ಮತ್ತು ಮೊದಲ ಸಲ ಗಳಿಸಲು ಹಿಡಿದಷ್ಟು ಕಾಲ ಎರಡನೇ ಸಲ ಹಿಡಿಯುವುದಿಲ್ಲ. ಬಿಡುವ ಮುಂಚೆ ಮಾಡುತ್ತಿದ್ದುದರ ಅರ್ಧಕ್ಕಿಂತ ಕಡಿಮೆಯಿಂದ ಆರಂಭಿಸಿ, ಮರುದಿನದ ಮೈನೋವು ನೋಡಿಕೊಂಡು ಏರಿಸಿ. ಡೆಂಗ್ಯೂ ನಂತರದ ಸುಸ್ತು ವಾರಗಟ್ಟಲೆ ಉಳಿಯುವುದುಂಟು, ಅದನ್ನು ಹಟದಿಂದ ಮೀರಲು ಹೋಗಬೇಡಿ. ದುಃಖದ ವಿಷಯದಲ್ಲಿ ಅವಸರವೇ ಬೇಡ. ನಡೆಯುವಾಗ ಅಳು ಬಂದರೆ ಬರಲಿ.

ಕೆನಡಾಗೆ ಬಂದ ಮೇಲೆ ಚಳಿಗಾಲದಲ್ಲಿ ಮನಸ್ಸೇ ಇಲ್ಲದ ಹಾಗಾಗುತ್ತೆ. ಊರಲ್ಲಿ ಹೀಗಿರಲಿಲ್ಲ.

ಊರಿನಲ್ಲಿ ಡಿಸೆಂಬರಿನಲ್ಲೂ ಹನ್ನೊಂದು ಗಂಟೆಗೂ ಮೀರಿ ಬೆಳಕಿರುತ್ತದೆ. ಟೊರಾಂಟೊದಲ್ಲಿ ಆ ತಿಂಗಳು ಒಂಬತ್ತು ಗಂಟೆಯ ಆಸುಪಾಸು. ಬೆಳಕು ಕುಗ್ಗಿದಾಗ ಕುಗ್ಗುವ ಮನಸ್ಸಿನ ಈ ತೊಂದರೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವೈದ್ಯಲೋಕಕ್ಕೆ ವಿವರಿಸಿದರು. ಸಂಜೆಯ ಜಿಮ್‌ಗಿಂತ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಗಿನ ಹದಿನೈದು ನಿಮಿಷದ ನಡಿಗೆ ಇದಕ್ಕೆ ಹೆಚ್ಚು ಹಿತ. 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರುವ ಚಿಕಿತ್ಸೆಯೂ ಇದೆ. ಮನಸ್ಸು ಅತಿ ಹುರುಪಿಗೂ ಅತಿ ಕುಗ್ಗುವಿಕೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು.

ವ್ಯಾಯಾಮದಿಂದ ಸರಿಹೋಗಲ್ಲ, ಡಾಕ್ಟರ್ ಬೇಕು ಅಂತ ಯಾವಾಗ ತಿಳಿಯುತ್ತೆ? ನಮ್ಮ ಊರಲ್ಲಿ ಮನೋವೈದ್ಯರೇ ಇಲ್ಲ.

ದಿನದ ಹೆಚ್ಚಿನ ಹೊತ್ತು ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವುಗಳ ಏರುಪೇರು ಎರಡು ವಾರ ಮೀರಿದರೆ, ಕೆಲಸಕ್ಕೋ ಕಾಲೇಜಿಗೋ ಹೋಗುವುದು ನಿಂತರೆ, ಕುಡಿತ ಏರಿದರೆ ಕಾಯಬೇಡಿ. ಸಾಯುವ ಯೋಚನೆ ಬಂದರೆ ಅದೇ ದಿನ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ನಿಗದಿತ ದಿನ, ಸಾಮಾನ್ಯವಾಗಿ ಮಂಗಳವಾರ, ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನವೆಂದು ಹತ್ತಿರದ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ ತಿಳಿದುಕೊಂಡು, ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.